ಶಿಲ್ಕಿಲ್ಲದ ಖಾತೆಗೆ ದಂಡ

ತುಮಕೂರಿನಲ್ಲಿ ಬೀಡಿ ಕಟ್ಟುವ ತಾಯಿಯ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬಂದೊಡನೆ, ಕನಿಷ್ಠ ಶಿಲ್ಕಿಲ್ಲವೆಂಬ ದಂಡಕ್ಕೆ ಅದರಲ್ಲಿ ಒಂದಷ್ಟು ಕಡಿತವಾದರೆ ಅದನ್ನು ನ್ಯಾಯವೆನ್ನಲು ನಮ್ಮಿಂದಾಗದು. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂದು ಸೂರಃ ಅಲ್ ಬಕರದ 280ನೆಯ ವಚನ ಕಲಿಸುತ್ತದೆ. ಈ ತಾಯಿಯಾದರೋ ಸಾಲವನ್ನೇ ಮಾಡಿಲ್ಲ!

ಆದರೆ ವಿಧಿಯೆಂದು ಸುಮ್ಮನಾಗುವುದೂ ಸಲ್ಲದು. ಈ ದಂಡದಿಂದಲೇ ಉಳಿತಾಯ ಖಾತೆ ಶೂನ್ಯಕ್ಕಿಂತ ಕೆಳಗಿಳಿಯಕೂಡದೆಂಬ ರಿಸರ್ವ್ ಬ್ಯಾಂಕಿನ ನಿಯಮ 2015ರ ಏಪ್ರಿಲ್‌ನಲ್ಲಿಯೇ ಜಾರಿಗೆ ಬಂದಿದೆ. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರಲ್ಲಿ ಉಳಿತಾಯ ಖಾತೆಗಳ ಮೇಲಿನ ಈ ದಂಡವನ್ನೇ ಕೈಬಿಟ್ಟವು. ಕನಿಷ್ಠ ಶಿಲ್ಕಿನ ಷರತ್ತಿಲ್ಲದ ಮೂಲ ಉಳಿತಾಯ ಖಾತೆಯನ್ನು ಬ್ಯಾಂಕುಗಳು ಕೊಡಲೇಬೇಕು. ಅದಕ್ಕೆ ಎಟಿಎಂ ಕಾರ್ಡೂ ಉಚಿತ. ಗುಬ್ಬಿಯಲ್ಲಾಗಲಿ ಕುಣಿಗಲ್ಲಿನಲ್ಲಾಗಲಿ, ತಮ್ಮ ಶಾಖೆಗೆ ಹೋಗಿ ಖಾತೆಯನ್ನು ಹಾಗೆ ಬದಲಿಸಿಕೊಡಿರೆಂದು ಕನ್ನಡದಲ್ಲಿಯೇ ಅರ್ಜಿ ಬರೆದುಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ದೂರಿಗೆ ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಖರ್ಚಿಲ್ಲ.

ನಮ್ಮ ನಿಜವಾದ ಚಿಂತೆ ಬೇರೆಯೇ. ಜನಧನ ಖಾತೆಯಲ್ಲಿ 10,000 ರೂಪಾಯಿವರೆಗೆ ಸಿಗುವ ಓವರ್‌ಡ್ರಾಫ್ಟನ್ನು ಸರ್ಕಾರದ ಕೊಡುಗೆಯೆಂದು ತಿಳಿದವರು ನಮ್ಮ ಮೊಹಲ್ಲಾಗಳಲ್ಲಿದ್ದಾರೆ. ಅದು ಬಡ್ಡಿಯ ಸಾಲ. ದಂಡವನ್ನು ಬ್ಯಾಂಕು ಹೇರುತ್ತದೆ, ಇದಕ್ಕೆ ನಾವೇ ಸಹಿ ಹಾಕುತ್ತೇವೆ. ಹಾಗೆಂದು ಹರಾಮ್ ಎಂದಷ್ಟೇ ಹೇಳಿ ಮಿಂಬರಿನಿಂದ ಇಳಿದುಬಿಟ್ಟರೆ ಮಗುವಿನ ಆಸ್ಪತ್ರೆಯ ಬಿಲ್ಲು ಕಟ್ಟುವವರಾರು? ಅಷ್ಟೇ ಹತ್ತು ಸಾವಿರವನ್ನು ಕರ್ಜೆ ಹಸನವಾಗಿ ಕೊಡಬಲ್ಲ ಬೈತುಲ್ ಮಾಲನ್ನು ಪ್ರತಿ ಮಸೀದಿಯ ಕಮಿಟಿಯೂ ಮಿನಾರದ ಬಣ್ಣಕ್ಕೆ ಚಂದಾ ಎತ್ತುವ ಮೊದಲು ಕಟ್ಟಲಿ.