ಮತ್ತೆ ಕರ್ಣ, ಮತ್ತೆ ದ್ರೌಪದಿ

ಕರ್ಣನ ಮೇಲೆ ಇನ್ನೊಂದು ಕಾದಂಬರಿ ಬೇಡವೇ ಬೇಡ ಎನ್ನುವ ಓದುಗರು ಈಗ ಕಡಿಮೆಯೇನಿಲ್ಲ. ಅವರ ಬೇಸರದಲ್ಲಿ ಹುರುಳಿದೆ. 2010ರಲ್ಲಿ ಅಮೀಶ್ ಅವರ ‘ದಿ ಇಮ್ಮಾರ್ಟಲ್ಸ್ ಆಫ್ ಮೆಲೂಹ’ ಶಿವನನ್ನು ಸಾಹಸಕಥೆಯ ನಾಯಕನನ್ನಾಗಿ ಮಾಡಿತು. 2012ರಲ್ಲಿ ಆನಂದ್ ನೀಲಕಂಠನ್ ‘ಅಸುರ’ದಲ್ಲಿ ರಾವಣನ ಬಾಯಿಂದಲೇ ಕಥೆ ಹೇಳಿಸಿದರು. ಅಲ್ಲಿಂದಾಚೆ ಪುರಾಣದ ಮರುಕಥನಗಳಿಗೆ ಸುಗ್ಗಿ. ನಾಲ್ಕು ಓದಿದವರಿಗೆ ಐದನೆಯದರ ಜಾಡು ಮೊದಲ ಅಧ್ಯಾಯದಲ್ಲೇ ಸಿಕ್ಕಿಬಿಡುತ್ತದೆ. ಖಳನೆನಿಸಿಕೊಂಡವನು ಅನ್ಯಾಯಕ್ಕೆ ಒಳಗಾದವನು, ವರ-ಶಾಪವೆಲ್ಲ ಅರಮನೆಯ ಒಳಸಂಚು, ಅಸ್ತ್ರವೆಂದರೆ ಮರೆತುಹೋದ ವಿಜ್ಞಾನ.

ಈ ದಣಿವು ಇವತ್ತಿನದಲ್ಲ. ರಾಮಾಯಣ ಬರೆದವರ ಭಾರಕ್ಕೆ ಆದಿಶೇಷನೇ ನಲುಗಿದನೆಂದು ಕುಮಾರವ್ಯಾಸ ಶತಮಾನಗಳ ಹಿಂದೆಯೇ ದೂರಿದ. ಹಾಗೆಂದವನು ಹೊಸ ಕಥೆ ಹುಡುಕಿಕೊಂಡು ಹೋಗಲಿಲ್ಲ. ಹತ್ತನೆಯ ಶತಮಾನದಲ್ಲೇ ಪಂಪ ಕೈಹಾಕಿದ್ದ ಭಾರತವನ್ನು ಎತ್ತಿಕೊಂಡ. ಅವನ ತಕರಾರಿಗೆ ಹೆದರಿ ರಾಮಾಯಣವೂ ನಿಲ್ಲಲಿಲ್ಲ. ತೊರವೆಯಲ್ಲಿ ಕುಮಾರವಾಲ್ಮೀಕಿ ಬರೆದ, 1949ರಲ್ಲಿ ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ ಬಂತು.

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಸೀಮೆಯಿಂದ ನೋಡಿದರೆ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ. ಹಾಸನ, ಮಂಡ್ಯ, ತುಮಕೂರು ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಎಷ್ಟು ಸಲ ಆಡಿದರೂ ಹಳತಾಗಿಲ್ಲ. ಬೇಸಾಯಗಾರರು, ಅಂಗಡಿಯವರು ಕೈಯಿಂದ ದುಡ್ಡು ಹಾಕಿ ಪಾರ್ಟು ಹಿಡಿಯುತ್ತಾರೆ. ಕೃಷ್ಣ, ದುರ್ಯೋಧನರ ಪಾರ್ಟಿಗೆ ದುಡ್ಡೂ ಜಾಸ್ತಿ, ಪೈಪೋಟಿಯೂ ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕೂರಿಸಿಕೊಂಡು ರಾಗ ತಿದ್ದುತ್ತಾರೆ. ಮುಂದೆ ಕೂತವರಿಗೆ ಪದ್ಯಗಳೆಲ್ಲ ಬಾಯಿಪಾಠ. ಆದರೂ ಕುಂತಿಯ ಮುಂದೆ ಕರ್ಣ ಚೆನ್ನಾಗಿ ಹಾಡಿದರೆ ‘ಒನ್ಸ್ ಮೋರ್’ ಎಂದು ಕೂಗಿ ಅದೇ ಪದ್ಯವನ್ನು ಮತ್ತೆ ಹಾಡಿಸುತ್ತಾರೆ. ಕಥೆ ಗೊತ್ತಿದ್ದರೆ ಬೇಸರ ಬರಲೇಬೇಕು ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ.

ಹಾಗೆಂದು ಇದನ್ನೇ ಹಿಡಿದು ಕಾದಂಬರಿಕಾರರನ್ನು ಸಮರ್ಥಿಸುವುದೂ ಸರಿಯಲ್ಲ. ನಾಟಕದಲ್ಲಿ ಗಂಟಲಿದೆ, ರಾಗವಿದೆ, ನಿನ್ನೆ ಗದ್ದೆಯಲ್ಲಿ ಕಂಡ ಮನುಷ್ಯ ಇವತ್ತು ಕಿರೀಟ ತೊಟ್ಟು ನಿಂತಿರುವ ಬೆರಗಿದೆ. ಪುಸ್ತಕಕ್ಕೆ ಈ ಅನುಕೂಲ ಯಾವುದೂ ಇಲ್ಲ. ಅಲ್ಲಿ ಬರೆದವರ ಕಾಣ್ಕೆಯೇ ಹೊಸದಾಗಿರಬೇಕು.

ಹೊಸತಾಗುವುದು ಹೇಗೆಂದು ತೋರಿಸಿದವರು ಇದೇ ತಾಲ್ಲೂಕಿನ ಸಂತೇಶಿವರದವರು. ಎಸ್.ಎಲ್. ಭೈರಪ್ಪನವರ ‘ಪರ್ವ’ ಬಂದದ್ದು 1979ರಲ್ಲಿ. ಮದ್ರದೇಶದ ಮುದಿ ರಾಜ ಶಲ್ಯನ ಮನೆಯ ಚಿಂತೆಯಿಂದ ಕಥೆ ಶುರುವಾಗುತ್ತದೆ. ಪಾಂಡವರ ಹುಟ್ಟಿಗೆ ನಿಯೋಗದ ಪದ್ಧತಿ ಕಾರಣ, ತುಂಬಿದ ಸಭೆಯಲ್ಲಿ ಸೀರೆ ಅಕ್ಷಯವಾಗುವುದಿಲ್ಲ, ಯುದ್ಧವೆಂದರೆ ಹಸಿವು ಮತ್ತು ಕೊಳೆತ ಹೆಣಗಳ ನಾತ. ಪವಾಡ ಕಿತ್ತುಹಾಕಿದ ಜಾಗವನ್ನು ಭೈರಪ್ಪ ಖಾಲಿ ಬಿಡಲಿಲ್ಲ; ಮುಪ್ಪು, ಕಾಮ, ಸಾವಿನ ಭಯಗಳನ್ನು ಅಲ್ಲಿ ತುಂಬಿದರು. ಈಗಿನ ಹಲವು ಪುಸ್ತಕಗಳು ಕೀಳುವ ಕೆಲಸವನ್ನಷ್ಟೇ ಕಲಿತಿವೆ. ದ್ರೌಪದಿಗೆ ಮಾತು ಕೊಟ್ಟೆವೆಂದು ಹೇಳಿಕೊಳ್ಳುತ್ತವೆ, ಆ ಮಾತು ಮಾತ್ರ ಭಾನುವಾರದ ಪುರವಣಿಯ ಲೇಖನದ್ದು. ಪ್ರತಿಭಾ ರಾಯ್ ಅವರ ‘ಯಾಜ್ಞಸೇನಿ’ 1984ರಲ್ಲೇ ಒಡಿಯಾದಲ್ಲಿ ಬಂದಿರುವಾಗ ದ್ರೌಪದಿಯ ದನಿ ಎನ್ನುವುದೊಂದೇ ಹೊಸತನವಾಗದು.

ಇನ್ನೊಂದು ಕಡೆಯ ಮಾತನ್ನೂ ಕೇಳಬೇಕು. ಕನ್ನಡದಲ್ಲಿ ಒಂದು ಪುಸ್ತಕದ ಸಾವಿರ ಪ್ರತಿ ಖರ್ಚಾದರೆ ಪ್ರಕಾಶಕರು ಉಸಿರು ಬಿಡುತ್ತಾರೆ. ಮಾರಾಟವಾಗುವ ಪೌರಾಣಿಕ ಕಾದಂಬರಿಯ ಬಲದ ಮೇಲೆ ಅವರು ಒಂದು ಕವನಸಂಕಲನಕ್ಕೆ ಕೈಹಾಕಬಹುದು. ಪಿಯುಸಿ ಓದುವ ಹುಡುಗಿಗೆ ಸವೆದ ಜಾಡು ಸವೆದದ್ದೆಂದು ಗೊತ್ತಿರುವುದಿಲ್ಲ, ಅವಳಿಗೆ ಅದೇ ಮೊದಲು. ಇಂಥ ಪುಸ್ತಕ ಹಿಡಿದವಳು ಮುಂದೆ ‘ಪರ್ವ’ಕ್ಕೂ ಬರಬಹುದು, ಕುಮಾರವ್ಯಾಸನವರೆಗೂ ಹೋಗಬಹುದು. ಹಳೆಯ ಓದುಗರ ದಣಿವನ್ನೇ ಅಳತೆಗೋಲು ಮಾಡಿಕೊಂಡರೆ ಅವಳಿಗೆ ಅನ್ಯಾಯ.

ಆದ್ದರಿಂದ ಕರ್ಣನನ್ನು ಬಿಡಿ ಎಂದು ಯಾವ ಲೇಖಕರಿಗೂ ಹೇಳಲಾರೆ. ನನ್ನ ಆಕ್ಷೇಪ ಈ ಸುಗ್ಗಿಯಲ್ಲಿ ಮೂಲೆಗೆ ಬಿದ್ದವುಗಳ ಬಗ್ಗೆ. ಮಂಟೇಸ್ವಾಮಿ, ಮಲೆ ಮಹದೇಶ್ವರ, ಜುಂಜಪ್ಪರ ಕಾವ್ಯಗಳಲ್ಲಿ ಇರುವಷ್ಟು ಅದ್ಭುತ ಯಾವ ಮೆಲೂಹದಲ್ಲಿಯೂ ಇಲ್ಲ. ನೀಲಗಾರರು, ದೇವರ ಗುಡ್ಡರು, ಕಾಡುಗೊಲ್ಲರು ಅವನ್ನು ಇಂದಿಗೂ ಹಾಡುತ್ತಿದ್ದಾರೆ. ಜನಪ್ರಿಯ ಕಾದಂಬರಿ ಮಾತ್ರ ಅತ್ತ ಹೆಚ್ಚು ಸುಳಿದಿಲ್ಲ. ಚಂದ್ರಶೇಖರ ಕಂಬಾರರು ‘ಚಕೋರಿ’ಯಲ್ಲಿ ಜನಪದದ ಯಕ್ಷಿಯನ್ನು ಕರೆತಂದು ದಾರಿ ತೋರಿಸಿ ದಶಕಗಳೇ ಕಳೆದಿವೆ. ಆ ದಾರಿಯಲ್ಲಿ ಇನ್ನೂ ನೂಕುನುಗ್ಗಲಿಲ್ಲ.