ಬುತ್ತಿಯ ರೊಟ್ಟಿಯೂ ಐದು ರೂಪಾಯಿಯ ಪಾಕೀಟೂ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ತಾಯಂದಿರು ತಮ್ಮ ಮಕ್ಕಳು ಬಡಕಲಾದರೆಂದು ಚಿಂತಿಸುತ್ತ ಬಂದವರೇ ಹೊರತು ದಪ್ಪಗಾದರೆಂದು ಎಂದೂ ಚಿಂತಿಸಿದವರಲ್ಲ. ಆ ಚಿಂತೆಗೆ ಕಾರಣವೂ ಉಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರುಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ಇಂಥ ಸೀಮೆಯಲ್ಲಿ ನಾವು ಮಕ್ಕಳ ಬೊಜ್ಜಿನ ಮಾತನ್ನೆತ್ತಿದರೆ ವಾಚಕರು ನಗಬಹುದು. ಆದರೆ ಜಗತ್ತಿನ 5ರಿಂದ 19 ವರುಷದವರಲ್ಲಿ ಬೊಜ್ಜುಳ್ಳವರ ಸಂಖ್ಯೆಯು ತೂಕ ಕಡಿಮೆಯಾದವರ ಸಂಖ್ಯೆಯನ್ನು ಮೊದಲ ಬಾರಿಗೆ ಮೀರಿತೆಂದು ಯುನಿಸೆಫ್ ಸಂಸ್ಥೆಯು 2025ರಲ್ಲಿ ತಿಳಿಸಿದೆ. ಈ ಎರಡು ಕೇಡುಗಳೂ ಒಂದೇ ಮನೆಯಲ್ಲಿ ವಾಸಿಸಬಲ್ಲವು. ಹೊಟ್ಟೆ ತುಂಬಿದರೂ ಪುಷ್ಟಿಯಿಲ್ಲದ ತಿನಿಸು ಎರಡಕ್ಕೂ ಸಲ್ಲುವುದು.

ನಮ್ಮ ಸೀಮೆಗೆ ಆಹಾರದ ಕೊರತೆಯೇನೂ ಇಲ್ಲ. ಬಿಳಿಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾಹಿಂಡಿ, ಮೊಸರು, ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕೂಡಿ ಉಣ್ಣುವ ಸಜ್ಜೆರೊಟ್ಟಿ ಮತ್ತು ಭಜ್ಜಿ: ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಪುಸ್ತಕವು ಕಲಿಸೀತು? ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ನ್ನು ವಿಶ್ವಸಂಸ್ಥೆಯು ಜೋಳ ಸಜ್ಜೆಗಳಂಥ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಜಗತ್ತು ಹೊಗಳಿದ ಆ ರೊಟ್ಟಿಯನ್ನು ಡಬ್ಬಿಯಲ್ಲಿ ತರಲು ನಮ್ಮ ಹುಡುಗಿಯರು ನಾಚುವರು! ಮುಂಜಾನೆ ಚಹಾದಲ್ಲಿ ಬಿಸ್ಕೀಟು ಅದ್ದಿ ತಿಂದು, ಮಧ್ಯಾಹ್ನ ಐದು ರೂಪಾಯಿಯ ಪಾಕೀಟಿನ ಕುರುಕಲನ್ನು ತಿಂದು, ಸಂಜೆ ಸಿಹಿ ಪಾನೀಯದ ಬಾಟಲಿಯನ್ನು ಹಿಡಿಯುವರು. ಕಾಲು ಲೀಟರಿನ ಅಂಥ ಬಾಟಲಿಯೊಂದರಲ್ಲಿ ಎಷ್ಟೋ ವೇಳೆ 25 ಗ್ರಾಮಿನಷ್ಟು, ಎಂದರೆ ಸುಮಾರು ಆರು ಚಮಚೆ ಸಕ್ಕರೆ ಇರುವುದು. ಭೀಮಾತೀರದಲ್ಲಿ ಕಬ್ಬು ಬೆಳೆಯುವ ಅಫಜಲಪುರದವರಿಗೆ ಈ ಮಾತು ರುಚಿಸದಿರಬಹುದು. ಆದರೂ ಹೇಳದೆ ವಿಧಿಯಿಲ್ಲ.

ಸರಕಾರವು ಸುಮ್ಮನೆ ಕುಳಿತಿಲ್ಲ. ಅಕ್ಷರ ದಾಸೋಹದ ಬಿಸಿಯೂಟವು 2002ರಲ್ಲಿ ಮೊದಲು ನಮ್ಮ ಈಶಾನ್ಯ ಜಿಲ್ಲೆಗಳಲ್ಲಿಯೇ ಆರಂಭವಾಯಿತು. ಕೊಬ್ಬು, ಸಕ್ಕರೆ, ಉಪ್ಪು ಮಿತಿಮೀರಿದ ತಿನಿಸುಗಳನ್ನು ಶಾಲೆಯ ಬಾಗಿಲಿನಿಂದ 50 ಮೀಟರಿನೊಳಗೆ ಮಾರಕೂಡದೆಂಬ ನಿಯಮವು 2020ರಲ್ಲಿ ಪ್ರಕಟವಾಯಿತು. ಆದರೆ ಐವತ್ತು ಮೀಟರು ಮಕ್ಕಳ ಕಾಲಿಗೆ ಎಷ್ಟರ ದೂರ? ಅಳುವ ಕೂಸಿನ ಬಾಯಿ ಮುಚ್ಚಿಸಲು ಪಾಕೀಟು ಹರಿದು ಕೊಡುವ ಕೈ ನಮ್ಮದೇ ಅಲ್ಲವೆ?

ಹೆಣ್ಣುಮಕ್ಕಳ ವಿಷಯವಾಗಿ ನಮಗೆ ಹೆಚ್ಚಿನ ಅಂಜಿಕೆಯುಂಟು. ಹನ್ನೆರಡು ತುಂಬಿದೊಡನೆ ಹುಡುಗಿಯ ಆಟವನ್ನು ನಿಲ್ಲಿಸುವೆವು, ಬಳಿಕ ಮೈ ಬಂದರೆ, "ಇವಳನ್ನು ಯಾರು ಮಾಡಿಕೊಂಡಾರು?" ಎಂದು ನಾಲ್ಕು ಜನರೆದುರು ಹಂಗಿಸುವೆವು. ಅವಳು ಮುಂಜಾನೆಯ ಊಟವನ್ನೇ ಬಿಟ್ಟು ತಲೆಸುತ್ತಿ ತರಗತಿಯಲ್ಲಿ ಕೂರುವಳು. ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ, ರಾಜ್ಯದ 15ರಿಂದ 19 ವರುಷದ ಹುಡುಗಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿತ್ತು. ಇಂಥವರಿಗೆ ಉಪವಾಸವನ್ನು ಕಲಿಸುವುದು ಔಷಧವಲ್ಲ, ಅನ್ಯಾಯ. ಅಣ್ಣನ ತಟ್ಟೆಯಲ್ಲಿರುವ ಬೇಳೆ, ಪಲ್ಯ, ತತ್ತಿ ಅವಳ ತಟ್ಟೆಯಲ್ಲಿಯೂ ಇರಲಿ. ಸಂಜೆಯ ಆಟ ಅವಳಿಗೂ ಇರಲಿ. ರೊಟ್ಟಿ ಬಡಿಯುವುದನ್ನು ಅಣ್ಣನೂ ಕಲಿತರೆ ನಮ್ಮ ಆಕ್ಷೇಪವಿಲ್ಲ.

ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಶಿಕ್ಷಕಿಯರು. ಶಾಲೆಯಲ್ಲಿ ಹುಟ್ಟುಹಬ್ಬಕ್ಕೆ ಚಾಕಲೇಟು, ಬಹುಮಾನಕ್ಕೆ ಮಿಠಾಯಿಯ ಡಬ್ಬಿ ಹಂಚುವ ರೂಢಿಯನ್ನು ಬಿಡಿಸಬಲ್ಲವರು ಅವರೇ. ಬರುವ ವಾರ್ಷಿಕೋತ್ಸವದಲ್ಲಿ ಒಂದು ಬಾಳೆಹಣ್ಣನ್ನೂ ಒಂದು ಹಿಡಿ ಹುರಿದ ಶೇಂಗಾವನ್ನೂ ಹಂಚಿ ನೋಡೋಣ. ಮಕ್ಕಳು ಮೊದಲು ಮುಖ ಸಿಂಡರಿಸುವರು. ಸಿಂಡರಿಸಲಿ, ಅವರ ಮುಂದೆ ಕುಳಿತು ನಾವೂ ಅದನ್ನೇ ತಿನ್ನುವೆವು.