ಸೊಂಟದ ನೋವೂ ಮೂಟೆಯ ತೂಕವೂ

ಸಯನ್ ಆಸ್ಪತ್ರೆಯ ಸಾಲಿನಲ್ಲಿ ಸೊಂಟ ಹಿಡಿದು ನಿಂತ ಹಮಾಲಿ ಬಂಧುಗಳನ್ನು ಕೇಳಿದರೆ 'ವಾಯು' ಎನ್ನುತ್ತಾರೆ. ವಾಯುವಿನ ಮೇಲೆ ಹೊರಿಸಿದರೆ ಮೂಟೆಯ ತೂಕವನ್ನು ಯಾರೂ ಕೇಳುವುದಿಲ್ಲ! ಬೆನ್ನೆಲುಬಿನ ಮಣಿಗಳ ನಡುವಿನ ಡಿಸ್ಕ್ ಎಂಬ ಮೆತ್ತೆ ಉಬ್ಬಿ ನರವನ್ನು ಒತ್ತಿದಾಗ ನೋವು ಪಾದದವರೆಗೆ ಇಳಿಯುತ್ತದೆ. ಬಹುಮಂದಿಗೆ ಶಸ್ತ್ರಕ್ರಿಯೆಯಿಲ್ಲದೆ ಕೆಲವು ವಾರಗಳಲ್ಲಿ ಗುಣವಾಗುತ್ತದೆ. ಹಾಸಿಗೆ ಹಿಡಿಯಬೇಕಾಗಿಲ್ಲ, ಭಾರ ಮಾತ್ರ ಎತ್ತಬಾರದು. ಎತ್ತದಿದ್ದರೆ ಕೂಲಿಯೆಲ್ಲಿ? ಪಾದ ಸೋತರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಮಾಲೀಸು ಬಿಟ್ಟು ಅಂದೇ ಆಸ್ಪತ್ರೆಗೆ ಧಾವಿಸಬೇಕು.

ಒಬ್ಬ ಗಂಡಾಳಿನ ಹೊರೆಯ ಮಿತಿ 55 ಕಿಲೋ ಮೀರಿದ್ದರೆ ಬೇಗನೆ ತಗ್ಗಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತು. ನಮ್ಮ ಸಂಘದ ಬೇಡಿಕೆಪಟ್ಟಿಯಲ್ಲಿ ಬೋನಸ್ಸಿನ ಪಕ್ಕದಲ್ಲೇ ಮೂಟೆಯ ತೂಕವೂ, ನೋವಿನ ವಾರಗಳ ಕೂಲಿಯೂ ಬರಬೇಕೆಂದು ನಾವು ಒತ್ತಾಯಿಸುತ್ತೇವೆ.